ನೀಲಗಿರಿ ತೋಪಿನ ಪಾದ್ರಿ

ಮೊನ್ನೆ ಎಸ್-ಬಾನ್ ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಕೆಮ್ಮಿನ ಪೆಪ್ಪರಮಿಂಟಿನ ಪೊಟ್ಟಣ ಬಿಚ್ಚಿದಳು. ನೀಲಗಿರಿ ಎಣ್ಣೆಯ ವಾಸನೆ ಬೋಗಿಯ ತುಂಬ ಹರಡಿತು. ಪಾದ್ರಿ ಅಜ್ಜ ನೆನಪಾದರು... ಅವರ ಕೋಟಿನ ಜೇಬಿನಲ್ಲಿ ಸದಾ ಅದೇ ಇರುತ್ತಿತ್ತು.

ನಾವು ಧಾರವಾಡದ ಕಡೆಯ ಕ್ರೈಸ್ತರು. ಫ್ರಾಂಕ್‌ಫರ್ಟ್‌ಗೆ ಬಂದ ಹೊಸತರಲ್ಲಿ ಜರ್ಮನ್ ಅರ್ಥವಾಗದೆ, ಇಂಗ್ಲಿಷ್ ಆರಾಧನೆ ನಡೆಯುವ ಚರ್ಚೊಂದಕ್ಕೆ ಹೋಗತೊಡಗಿದೆವು. ಅಲ್ಲಿ ಸಿಕ್ಕವರು ಅವರು. ಆಫ್ರಿಕಾದ ದಕ್ಷಿಣದ ಒಂದು ದೇಶದವರು. ಇಲ್ಲಿ ನರ್ಸ್ ಆಗಿದ್ದ ಮಗಳ ಮನೆಯಲ್ಲಿದ್ದರು. ನಮ್ಮ ಮಕ್ಕಳು ಅಜ್ಜ ಎನ್ನುತ್ತಿದ್ದವು, ನಾವೂ ಹಾಗೇ ಕರೆದೆವು.

ಅವರ ಆಂಗ್ಲಿಕನ್ ಡಯಾಸಿಸ್, ಅಂದರೆ ಒಬ್ಬ ಬಿಷಪ್‌ನ ಕೈಕೆಳಗಿನ ಚರ್ಚುಗಳ ಪ್ರಾಂತ, ಕಟ್ಟಿದ್ದು ಬಿಳಿಯ ಬಿಷಪ್‌ಗಳು. ಸ್ವಾತಂತ್ರ್ಯದ ನಂತರ ತಮ್ಮವರೇ ಬಿಷಪ್ ಆದಾಗ ಅಜ್ಜ ಬೀದಿಯಲ್ಲಿ ಕುಣಿದಿದ್ದರಂತೆ. ಆಮೇಲೆ ಬಂದ ಬಿಷಪ್ ಆಳುವವರ ಜೊತೆ ಸೇರಿಕೊಂಡ. ಪ್ರಶ್ನಿಸಿದವರನ್ನು ಹೊರಹಾಕಿ, ಪೊಲೀಸರನ್ನು ನಿಲ್ಲಿಸಿ ಅಲ್ಲಿಯ ಮುಖ್ಯ ಚರ್ಚಾದ ಕೆಥೆಡ್ರಲ್‌ಗೆ ಬೀಗ ಹಾಕಿಸಿದ. ಅಜ್ಜ ಜನರನ್ನು ಊರಾಚೆಯ ನೀಲಗಿರಿ ತೋಪಿಗೆ ಕರೆದೊಯ್ದರು. ವರ್ಷಗಟ್ಟಲೆ ಅಲ್ಲೇ ಪ್ರಾರ್ಥನೆ, ಅಲ್ಲೇ ಮದುವೆ. ಲಾಠಿ ಏಟು ತಿಂದ ಅವರ ಎಡ ಮೊಣಕೈ ಮತ್ತೆ ನೇರವಾಗಲೇ ಇಲ್ಲ.

ಕೊನೆಗೆ ಕೋರ್ಟು ಕೆಥೆಡ್ರಲ್ಲನ್ನು ತೋಪಿನವರಿಗೇ ಬಿಡಿಸಿಕೊಟ್ಟಿತು. ತೋಪಿನಲ್ಲಿ ಅಜ್ಜನ ಪಕ್ಕ ನಿಂತಿದ್ದ ಶಿಷ್ಯನೇ ಹೊಸ ಬಿಷಪ್ ಆದ. ಬೀಗ ಹಾಕಿದವರ ಕಡೆಗಿದ್ದ ಸಾಮಾನ್ಯ ಜನರಿಗೆ ಆರಾಧನೆಯಲ್ಲಿ ಹಂಚುವ ರೊಟ್ಟಿ-ದ್ರಾಕ್ಷಾರಸದ ಕರ್ತನ ಭೋಜನ ಕೊಡಕೂಡದೆಂದು ಆತ ಅಪ್ಪಣೆ ಮಾಡಿದ. ಹಸಿದು ಬಂದವರನ್ನು ಹಾಗೆ ಕಳಿಸಲಾರೆ ಎಂದು ಅಜ್ಜ ಕೊಟ್ಟರು. ಅಷ್ಟಕ್ಕೆ ಬಿಷಪ್ ಅವರನ್ನು ಪಾದ್ರಿ ಸೇವೆಯಿಂದಲೇ ತೆಗೆದುಹಾಕಿದ. ಮಗಳು ಇಲ್ಲಿಗೆ ಕರೆಸಿಕೊಂಡಳು.

ಒಂದು ಭಾನುವಾರ ಆ ಶಿಷ್ಯ ಬಿಷಪ್ಪೇ ನಮ್ಮ ಚರ್ಚಿಗೆ ಅತಿಥಿಯಾಗಿ ಬಂದ. ತಮ್ಮ ಡಯಾಸಿಸ್‌ನ ಇತಿಹಾಸವನ್ನೆಲ್ಲ ಹೇಳಿದ. ತೋಪಿನ ದಿನಗಳನ್ನು ವರ್ಣಿಸುವಾಗ ಆತನ ಕಣ್ಣೂ ತುಂಬಿತು. ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಿದ. ಅಜ್ಜ ಕೈ ಚಾಚಿದಾಗ ಪಕ್ಕದವರ ಕಡೆ ತಿರುಗಿ ಏನೋ ಕೇಳತೊಡಗಿದ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು...

ಟ್ರಾಮಿನಲ್ಲಿ ನನ್ನ ಹೆಂಡತಿ, "ಅಜ್ಜಾರ ಹೆಸರು ಒಮ್ಮೆನೂ ಬರ್ಲಿಲ್ಲಲ್ರೀ. ಅಲ್ಲೇ ಕುಂತಿದ್ರು ಅವ್ರು," ಎಂದಳು.

ಆಮೇಲೆ ಅಜ್ಜ ಚರ್ಚಿಗೆ ಬರಲಿಲ್ಲ. ನೋಡಲು ಹೋದಾಗ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಪೊಲೀಸರು ಹೊರಗೆ ದಬ್ಬಿದಾಗ ಹೋಗಲಿಕ್ಕೆ ಮರಗಳಿದ್ದವು. ನನ್ನವರೇ ದಬ್ಬಿದರೆ ಎಲ್ಲಿಗೆ ಹೋಗಲಿ?"

ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಡಯಾಸಿಸ್‌ನಿಂದ ಮಗಳಿಗೆ ಫೋನ್ ಬಂತು. ದೇಹವನ್ನು ಕಳಿಸಿದರೆ ಕೆಥೆಡ್ರಲ್‌ನೊಳಗೇ ಮಣ್ಣು ಮಾಡುತ್ತೇವೆ, ದೊಡ್ಡ ಗೌರವ ಎಂದರಂತೆ. ಬದುಕಿದ್ದವರನ್ನು ಕರೆಯಲಿಲ್ಲ, ಹೆಣವನ್ನು ಕಳಿಸುವುದಿಲ್ಲ ಎಂದು ಮಗಳು ಫೋನಿಟ್ಟಳು. ಇಲ್ಲೇ ಮಣ್ಣು ಮಾಡಿದೆವು. ಚಳಿಗೆ ಗಟ್ಟಿಯಾಗಿದ್ದ ಮಣ್ಣು ಪೆಟ್ಟಿಗೆಯ ಮೇಲೆ ಕಲ್ಲಿನಂತೆ ಬಿತ್ತು.

ಈಗ ಅಲ್ಲಿಯ ಕೆಥೆಡ್ರಲ್‌ನ ಗೋಡೆಗೆ ಅವರ ಹೆಸರಿನ ಕಲ್ಲೊಂದನ್ನು ಕೂರಿಸಿದ್ದಾರೆ. ಮಗಳು ಫೋಟೊ ತೋರಿಸಿದಳು. ವಿಶ್ರಾಂತಿಗಾಗಿ ತಾವೇ ಇಷ್ಟಪಟ್ಟು ಜರ್ಮನಿಗೆ ತೆರಳಿದರು ಎಂದು ಕೆತ್ತಿಸಿದ್ದಾರೆ. ಅದು ಸುಳ್ಳೆಂದು ಗೊತ್ತಿರುವವರು ಅಲ್ಲಿ ಸುಮ್ಮನಿದ್ದಾರೆ. ಸುಮ್ಮನಿರಲಾರದಿದ್ದವರು ಇಲ್ಲಿ ಮಣ್ಣಿನಲ್ಲಿದ್ದಾರೆ.