ಹಿತಕಿದ ಬೇಳೆ ಚೀಲದಲ್ಲಿ ಯಿಡ್ಡಿಷ್ ಪತ್ರಗಳು

ಟೆಕ್ಸಸ್‌ನಲ್ಲಿ ಬಿಸಿನೀರಿನ ಬಾಯ್ಲರನ್ನು ಅಟ್ಟದ ಮೇಲೆ ಇಡುತ್ತಾರೆ. ಇದು ಯಾವ ಪುಣ್ಯಾತ್ಮನ ಬುದ್ಧಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ತಲೆಯ ಮೇಲೆ ಹಂಡೆ ನೀರು ಇಟ್ಟುಕೊಂಡು ಕೆಳಗೆ ನಿಶ್ಚಿಂತೆಯಾಗಿ ಟಿವಿ ನೋಡುವ ಜನ! ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ನಾವು ಮನೆ ಕೊಂಡ ದಿನವೇ ಗಂಡನಿಗೆ ಹೇಳಿದ್ದೆ, ಇದು ಒಂದಲ್ಲ ಒಂದು ದಿನ ಒಡೆಯುತ್ತದೆ ಎಂದು. ಒಡೆದೇ ಒಡೆಯಿತು. ಆದರೆ ನಮ್ಮದಲ್ಲ, ಪಕ್ಕದ ಮನೆಯ ಆಂಟಿಯದು.

ಆಂಟಿಗೆ ಎಂಬತ್ತು ದಾಟಿತ್ತು. ಯಹೂದಿ ಹೆಂಗಸು, ಶಾಲೆಯಲ್ಲಿ ಲೆಕ್ಕ ಕಲಿಸಿ ರಿಟೈರ್ ಆದವರು. ನನಗೆ ಮೂಗಿನ ತುದಿಯಲ್ಲಿ ಕೋಪ ಅಂತ ನಮ್ಮ ಮನೆಯವರು ಹೇಳುತ್ತಾರೆ. ಆಂಟಿಯ ಮುಂದೆ ನಾನು ಪರಮ ಸಾಧು. ನಮ್ಮ ಹುಲ್ಲು ಉದ್ದವಾಯಿತು, ನಮ್ಮ ಕಸದ ಡಬ್ಬಿ ಅಡ್ಡ ನಿಂತಿತು, ಎಲ್ಲಕ್ಕೂ ಬೇಲಿಯಾಚೆಯಿಂದ ಒಂದು ಕೂಗು. ಆದರೆ ಪ್ರತಿ ಶುಕ್ರವಾರ ಜಡೆಯಂತೆ ಹೆಣೆದ ಬ್ರೆಡ್ ಒಂದು ನಮ್ಮ ಬಾಗಿಲಿಗೆ ಬರುತ್ತಿತ್ತು. ಬಂದ ತಟ್ಟೆಯನ್ನು ಬರಿದಾಗಿ ವಾಪಸ್ ಕೊಡಬಾರದಲ್ಲ, ನಾನು ಚಿತ್ರಾನ್ನವೋ ಕೋಡುಬಳೆಯೋ ತುಂಬಿ ಕಳಿಸುತ್ತಿದ್ದೆ. ಅವರೂ ಹಾಗೇ ಬೆಳೆದವರು, ನನ್ನ ಡಬ್ಬಿಯನ್ನು ಬರಿದಾಗಿ ಕಳಿಸುತ್ತಿರಲಿಲ್ಲ. ಹೀಗಾಗಿ ಆ ಕೊಡು-ಕೊಳ್ಳುವಿಕೆ ನಿಲ್ಲುವ ದಾರಿಯೇ ಇರಲಿಲ್ಲ.

ಆ ಶನಿವಾರ ಬೆಳಿಗ್ಗೆ ಆಂಟಿ ಬಾಗಿಲಿಗೆ ಬಂದಾಗ ಕೈಯಲ್ಲಿ ಬ್ರೆಡ್ ಇರಲಿಲ್ಲ. ನೀರು ಸೋರುತ್ತಿದ್ದ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಅಪ್ಪಿಕೊಂಡಿದ್ದರು. ಮನೆಯ ಸೂರು ಅರ್ಧ ಕುಸಿದಿದೆ, ಕರೆಂಟ್ ತೆಗೆದಿದ್ದಾರೆ, ಅದೆಲ್ಲ ಆಮೇಲೆ ನೋಡೋಣ ಅಂದರು. ಪೆಟ್ಟಿಗೆಯಲ್ಲಿದ್ದದ್ದು ಅವರ ಅಪ್ಪನ ಪತ್ರಗಳು. ಅಪ್ಪ ಪೋಲೆಂಡಿನ ಒಂದು ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಒಬ್ಬನೇ ಹಡಗು ಹತ್ತಿ ಟೆಕ್ಸಸ್‌ಗೆ ಬಂದವರಂತೆ. ಊರಲ್ಲಿ ಮದುವೆಗೆ ಗೊತ್ತಾಗಿದ್ದ ಹುಡುಗಿಗೆ ಇಲ್ಲಿಂದ ಯಿಡ್ಡಿಷ್ ಭಾಷೆಯಲ್ಲಿ, ಅಂದರೆ ಹೀಬ್ರೂ ಲಿಪಿಯಲ್ಲಿ ಬರೆಯುವ ಅಲ್ಲಿನ ಯಹೂದಿಗಳ ಮನೆಮಾತಿನಲ್ಲಿ, ಪತ್ರ ಬರೆಯುತ್ತಿದ್ದರು. ಆ ಹುಡುಗಿ, ಅಂದರೆ ಆಂಟಿಯ ಅಮ್ಮ, ಮದುವೆಗೆ ಬರುವಾಗ ಎಲ್ಲವನ್ನೂ ಕಟ್ಟಿಕೊಂಡೇ ಬಂದರು.

"ನೀವು ಓದಿದ್ದೀರಾ?" ಅಂದೆ.

"ನನಗೆಲ್ಲಿ ಬರುತ್ತೆ ಆ ಭಾಷೆ? ನಾನು ಕೊನೇ ಮಗು. ಇವಳೊಬ್ಬಳಾದ್ರೂ ಪೂರ್ತಿ ಅಮೆರಿಕನ್ ಆಗ್ಲಿ ಅಂತ ನನ್ನ ಜೊತೆ ಇಂಗ್ಲಿಷ್ ಮಾತ್ರ ಆಡಿದ್ರು. ಅಪ್ಪನ ಕೈಬರಹ ಓದಬಲ್ಲವನು ನನ್ನ ಅಣ್ಣ ಒಬ್ಬನೇ. ಅವನಿಗೆ ತೊಂಬತ್ತು ಆಯ್ತು, ಡಾಲಸ್‌ನಲ್ಲಿದ್ದಾನೆ. ಹೋಗೋಣ, ಹೋಗೋಣ ಅಂತ ವರ್ಷ ವರ್ಷ ಮುಂದೆ ಹಾಕ್ದೆ. ಈಗ ನೋಡು. ಅವನು ಹೋದ್ರೆ ನನ್ನ ಮೊಮ್ಮಕ್ಕಳಿಗೆ ಇದು ಬರೀ ಹಳೇ ಕಾಗದ."

ಅಷ್ಟು ಜೋರಿನ ಹೆಂಗಸು ನಮ್ಮ ಸೋಫಾದ ತುದಿಯಲ್ಲಿ ಒದ್ದೆ ಚಪ್ಪಲಿಯಲ್ಲಿ ಕೂತು ಅತ್ತುಬಿಟ್ಟರು.

ಆಗ ಮೈಸೂರಿನಿಂದ ನನ್ನ ಅಮ್ಮ ಆರು ತಿಂಗಳಿಗೆಂದು ಬಂದಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಒದ್ದೆ ಕಾಗದ ಕಂಡರೆ ಏನಾಗಿದೆಯೆಂದು ಯಾರೂ ಹೇಳಬೇಕಿಲ್ಲ. ನೋಡನೋಡುತ್ತಿದ್ದಂತೆ ಒಂದು ಹಳೆಯ ಸೀರೆ ತಂದು ಹಿತ್ತಲಲ್ಲಿ ಹಾಸಿದಳು. "ಬೇಗ ಬಿಡಿಸಿ ಬಿಡಿಸಿ ಹರಡು. ಈ ಊರಿನ ಬಿಸಿಲಿಗೆ ಸಂಡಿಗೆನೇ ಮಧ್ಯಾಹ್ನದೊಳಗೆ ಗರಿಗರಿ ಆಗುತ್ತೆ, ಇದ್ಯಾವ ಲೆಕ್ಕ?" ನನಗೂ ಸರಿ ಅನ್ನಿಸಿತು. ಪುಣ್ಯಕ್ಕೆ ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗಳು ಅದೇ ಹೊತ್ತಿಗೆ ಫೋನ್ ಮಾಡಿದಳು. ಅವಳು ಅಲ್ಲಿನ ಲೈಬ್ರರಿಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತಿದ್ದಳು. ವಿಷಯ ಕೇಳಿದ್ದೇ ಕಿರುಚಿದಳು. "ಅಮ್ಮಾ, ನೋ! ಡೋಂಟ್ ಟಚ್!" ಹಳೆಯ ಕಾಗದ ರಿಪೇರಿ ಮಾಡುವ ಹೆಂಗಸೊಬ್ಬರು ಅವಳಿಗೆ ಪರಿಚಯವಂತೆ. ಅವರನ್ನು ಕೇಳಿ ಮತ್ತೆ ಫೋನ್ ಮಾಡಿದಳು. ಬಿಸಿಲು ತಗುಲಿದರೆ ಶಾಯಿ ಹೋಗುತ್ತದೆ, ಅಂಟಿದ್ದನ್ನು ಬಿಡಿಸಿದರೆ ಹರಿಯುತ್ತದೆ, ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಕಟ್ಟುಕಟ್ಟಾಗಿ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿಡಬೇಕು, ಆಮೇಲೆ ಆಸ್ಟಿನ್‌ಗೆ ತಂದುಕೊಟ್ಟರೆ ಮುಂದಿನದು ಅವರು ನೋಡಿಕೊಳ್ಳುತ್ತಾರೆ.

"ಫ್ರೀಜರ್‌ನಲ್ಲಾ? ಕಾಗದವನ್ನಾ? ಇವರ ತಲೆ!" ಅಂದಳು ಅಮ್ಮ.

ಇಲ್ಲಿನ ಕನ್ನಡದವರ ಮನೆ ಗರಾಜಿನಲ್ಲಿ ಕಾರಿಗೆ ಜಾಗ ಇರುತ್ತದೋ ಇಲ್ಲವೋ, ಎರಡನೆಯ ಫ್ರೀಜರ್ ಮಾತ್ರ ಇದ್ದೇ ಇರುತ್ತದೆ. ನಮ್ಮದರಲ್ಲಿ ತೆಂಗಿನ ತುರಿ, ಹೋಳಿಗೆ, ನುಗ್ಗೆಕಾಯಿ, ಚಳಿಗಾಲದಲ್ಲಿ ಕೂತು ಹಿತಕಿಟ್ಟ ಅವರೆಬೇಳೆ. ನಾನು ಅರ್ಧದಷ್ಟು ಹೋಳಿಗೆಗಳನ್ನು ಅಂದೇ ಬೀದಿಗೆಲ್ಲ ಹಂಚಿ ಜಾಗ ಮಾಡಿದೆ. ಚೀಲಗಳಿಗೇನು ಬರವೇ? ಜಿಪ್ ಚೀಲವನ್ನು ಒಂದೇ ಸಲ ಬಳಸಿ ಬಿಸಾಡುವ ಪಾಪ ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ. ತೊಳೆದು ಒಣಗಿಸಿ ಮಡಿಸಿಟ್ಟ ಚೀಲಗಳು ಒಂದು ಡ್ರಾಯರ್ ತುಂಬ ಇದ್ದವು. ಪತ್ರಗಳನ್ನು ಮೇಣದ ಕಾಗದದಲ್ಲಿ ಸುತ್ತಿ, ಒಂದರೊಳಗೆ ಇನ್ನೊಂದರಂತೆ ಎರಡೆರಡು ಚೀಲಕ್ಕೆ ಹಾಕಿ, ಒಳಗಿಟ್ಟು ಬಾಗಿಲು ಮುಚ್ಚಿದೆ. ಆಂಟಿಯನ್ನು ಮೇಲಿನ ರೂಮಿನಲ್ಲಿ ಮಲಗಿಸಿದೆ. ಅವರ ಮನೆ ರಿಪೇರಿ ಆಗುವವರೆಗೂ ನಮ್ಮಲ್ಲೇ ಇರುವುದೆಂದು ತೀರ್ಮಾನವಾಯಿತು.

ಇನ್ನೇನು ಆಸ್ಟಿನ್‌ಗೆ ಹೊರಡುವ ಹಿಂದಿನ ದಿನ, ನಾನು ಆಫೀಸಿನಿಂದ ಬರುವಷ್ಟರಲ್ಲಿ ಒಗ್ಗರಣೆ ವಾಸನೆ ಬೀದಿಗೇ ಬರುತ್ತಿತ್ತು. ಅಮ್ಮ ಖುಷಿಯಲ್ಲಿದ್ದಳು.

"ಪಾಪ, ಆ ಹೆಂಗಸು ನಾಳೆ ಪ್ರಯಾಣ ಮಾಡ್ಬೇಕು, ಹಿತಕಿದ ಬೇಳೆ ಸಾರು ಮಾಡೋಣ ಅಂತ ತೆಗೆದಿಟ್ಟಿದೀನಿ. ಕಲ್ಲಾಗಿ ಕೂತಿದೆ ಕಣೇ, ಎಷ್ಟು ಹೊತ್ತಾದ್ರೂ ಕರಗ್ತಾ ಇಲ್ಲ."

ಸಿಂಕ್ ಪಕ್ಕ ಪಾತ್ರೆಯ ನೀರಿನಲ್ಲಿ ಒಂದು ಚೀಲ ತೇಲುತ್ತಿತ್ತು. ಅದರ ಮೇಲೆ ನನ್ನದೇ ಕೈಬರಹದಲ್ಲಿ, ಕಪ್ಪು ಮಾರ್ಕರಿನಲ್ಲಿ, ದಪ್ಪಗೆ 'ಹಿತಕಿದ ಬೇಳೆ' ಅಂತ ಬರೆದಿತ್ತು. ಚೀಲ ತೊಳೆದಿದ್ದೆ, ಹೆಸರು ತೊಳೆದಿರಲಿಲ್ಲ.

ಚೀಲ ಎತ್ತಿ, ಒರೆಸಿ, ಗರಾಜಿಗೆ ಓಡಿ ಫ್ರೀಜರ್‌ಗೆ ತುರುಕಿ ಬಂದೆ. ಬಂದವಳೇ ಬಾಯಿಗೆ ಬಂದಂತೆ ಅಂದೆ. ಅಮ್ಮ ಬಿಟ್ಟಾಳೆಯೇ?

"ಬೇಳೆ ಅಂತ ಬರೆದು ಕಾಗದ ಇಟ್ಟಿದ್ದು ಯಾರು? ನಾನಾ? ಐಸ್‌ಕ್ರೀಮ್ ಡಬ್ಬಿ ತೆಗೆದ್ರೆ ಹುಣಸೇಹಣ್ಣು, ಮೊಸರಿನ ಡಬ್ಬಿ ತೆಗೆದ್ರೆ ಸೂಜಿದಾರ! ನಿನ್ನ ಮನೇಲಿ ಹೆಸರೊಂದು, ಒಳಗಿರೋದೊಂದು. ನನ್ನ ಮೇಲೆ ಹಾರ್ತೀಯಲ್ಲ!"

ನಮ್ಮ ಕೂಗಾಟಕ್ಕೆ ಆಂಟಿ ಮೆಟ್ಟಿಲಿಳಿದು ಬಂದರು. ಹೇಳದೆ ವಿಧಿಯಿಲ್ಲ, ಹೇಳಿದೆ. ಬೈಯುತ್ತಾರೆ, ಅಳುತ್ತಾರೆ, ಏನೋ ಒಂದು ಆಗುತ್ತದೆ ಅಂದುಕೊಂಡು ನಿಂತೆ. ಆಂಟಿ ಒಲೆಯ ಮೇಲಿನ ಒಗ್ಗರಣೆ ನೋಡಿದರು, ಅಮ್ಮನ ಮುಖ ನೋಡಿದರು, ಗೋಡೆ ಹಿಡಿದುಕೊಂಡು ನಗತೊಡಗಿದರು. "ನಮ್ಮಪ್ಪ ಇದ್ದಿದ್ರೆ ಉಪ್ಪು ಸಾಕಾ ಅಂತ ಕೇಳ್ತಿದ್ರು!" ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮನೂ ನಕ್ಕಳು. ಆ ರಾತ್ರಿ ನಿಜವಾದ ಬೇಳೆ ಹುಡುಕಿ ಸಾರು ಮಾಡಿದ್ದಾಯಿತು.

ಮಾರನೆಯ ದಿನ ಪತ್ರಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಆಸ್ಟಿನ್‌ಗೆ ಡ್ರೈವ್ ಮಾಡಿದೆವು. ಕಾಗದ ರಿಪೇರಿಯ ಹೆಂಗಸು ಚೀಲಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಹೀಬ್ರೂವೇ ಅಂತ ನನ್ನ ಬರಹ ತೋರಿಸಿ ಕೇಳಿದರು. ಮಗಳು ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ನೀರಿಗೆ ಬಿದ್ದ ಕಟ್ಟೊಂದರ ಅಂಚು ಸ್ವಲ್ಪ ಮೆತ್ತಗಾಗಿತ್ತು, ಒಳಗಿನದಕ್ಕೆ ಏನೂ ಆಗಿರಲಿಲ್ಲ. ಕೆಲವು ವಾರ ಹಿಡಿದು ಅವರು ಒಂದೊಂದೇ ಹಾಳೆಯನ್ನು ಒಣಗಿಸಿ, ಬಿಡಿಸಿ, ಒಳ್ಳೆಯ ಲಕೋಟೆಗಳಲ್ಲಿಟ್ಟು ಕೊಟ್ಟರು. ಕೆಲವು ಸಾಲು ಹರಡಿಹೋಗಿತ್ತು. ಉಳಿದದ್ದು ಓದುವಂತಿತ್ತು. ಆದರೆ ಓದುವವರು ಬೇಕಲ್ಲ! ಅಷ್ಟರಲ್ಲಿ ಡಾಲಸ್‌ನ ಅಣ್ಣ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ಬಂದಿದ್ದರು. ಆಂಟಿ ದಿನಕ್ಕೆರಡು ಸಲ ಫೋನ್ ಮಾಡಿ, ನಾನು ಬರುವವರೆಗೆ ಸಾಯಬೇಡ ಅಂತ ಅವರನ್ನು ಗದರಿಸುತ್ತಿದ್ದರು.

ಕಡೆಗೂ ಆಂಟಿ, ನಾನು, ಮಗಳು ಮೂವರೂ ಹೊರಟೆವು. ಆ ರಾತ್ರಿ ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ನಮ್ಮ ಸ್ನೇಹಿತರ ಮನೆಯಲ್ಲಿ ತಂಗಿ, ಬೆಳಿಗ್ಗೆ ಡಾಲಸ್‌ನ ವೃದ್ಧಾಶ್ರಮಕ್ಕೆ ಹೋದೆವು. ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಕಿಟಕಿಯ ಬಳಿ ಕಾಯುತ್ತಿದ್ದರು. ಸೊರಗಿದ್ದರು, ಆದರೆ ದನಿ ಗಟ್ಟಿಯಿತ್ತು. ಮಗಳು ಮೇಜಿನ ಮೇಲೆ ಫೋನ್ ಇಟ್ಟು ರೆಕಾರ್ಡ್ ಆನ್ ಮಾಡಿದಳು.

ಅವರು ಒಂದು ಸಾಲು ಯಿಡ್ಡಿಷ್‌ನಲ್ಲಿ ಓದಿ, ನಿಲ್ಲಿಸಿ, ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದರು. ಅಂಥ ದೊಡ್ಡ ವಿಷಯವೇನೂ ಇರಲಿಲ್ಲ. ಇಲ್ಲಿ ಕುದುರೆಗಳಿಗೂ ಹುಲ್ಲಿನ ಟೋಪಿ ಹಾಕುತ್ತಾರೆ, ನಾನಿನ್ನೂ ಕೊಂಡಿಲ್ಲ. ಸೊಳ್ಳೆಗಳಿಗೆ ನಾನು ತುಂಬ ಇಷ್ಟ ಅಂತೆಲ್ಲ ಅಪ್ಪ ಬರೆದಿದ್ದರು. ಆಂಟಿ ಕೈಕಟ್ಟಿ ಕೂತು ಪ್ರತಿ ಸಾಲಿಗೂ ಇಂಗ್ಲಿಷಿಗಾಗಿ ಕಾಯುತ್ತಿದ್ದರು. ಅರ್ಧ ಗಂಟೆ ಹೀಗೇ ನಡೆಯಿತು. ಆಮೇಲೆ ಅಣ್ಣ ಇನ್ನೊಂದು ಹಾಳೆ ಎತ್ತಿಕೊಂಡು ಒಂದು ಉದ್ದನೆಯ ಸಾಲು ಓದಿದರು. ಆಂಟಿ ಜೋರಾಗಿ ನಕ್ಕುಬಿಟ್ಟರು.

ಅಣ್ಣ ಕನ್ನಡಕದ ಮೇಲಿಂದ ನೋಡಿದರು. "ನಾನಿನ್ನೂ ಇಂಗ್ಲಿಷ್‌ನಲ್ಲಿ ಹೇಳೇ ಇಲ್ವಲ್ಲ. ಯಾಕೆ ನಕ್ಕೆ?"

"ಅದೇ, ಅಪ್ಪ ಅಮ್ಮನಿಗೆ ಹೇಳ್ತಾರಲ್ಲ... ದಿಂಬು ತಾ, ಹಾಸಿಗೆ ತಾ, ಬೇಕಾದ್ರೆ ದೀಪದ ಕಂಬಾನೂ ತಾ, ಆದ್ರೆ ನಿನ್ನ ಚಿಕ್ಕಮ್ಮನ್ನ ಅಲ್ಲೇ ಬಿಟ್ಟು ಬಾ, ಹಡಗು ಮುಳುಗುತ್ತೆ ಅಂತ..." ಹೇಳುತ್ತಾ ಹೇಳುತ್ತಾ ಆಂಟಿ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡರು.

"ಸರಿಯಾಗಿದೆ. ಒಂದಕ್ಷರ ತಪ್ಪಿಲ್ಲ" ಅಂದರು ಅಣ್ಣ ಮೆಲ್ಲಗೆ. "ಅಪ್ಪ ಅಮ್ಮ ನಿನಗೆ ಗೊತ್ತಾಗಬಾರದು ಅಂತಾನೇ ಆ ಭಾಷೇಲಿ ಮಾತಾಡ್ತಿದ್ರು. ನೀನು ಮೇಜಿನ ಕೆಳಗೆ ಕೂತು ಎಲ್ಲಾ ಕದ್ದು ಕೇಳ್ತಿದ್ದೆ ಅಂತ ಕಾಣುತ್ತೆ."

ನನ್ನ ಮಗಳು ನನ್ನ ಕೈ ಹಿಡಿದುಕೊಂಡಳು. ಆಂಟಿ ಕಣ್ಣೊರೆಸಿಕೊಂಡು, ಕುರ್ಚಿಯನ್ನು ಎಳೆದುಕೊಂಡು ಮೇಜಿನ ಹತ್ತಿರ ಬಂದರು. ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ನಿನಗೆ ಆಯಾಸ ಆಗುತ್ತೆ. ನೀನು ಸುಮ್ಮನೆ ಓದ್ತಾ ಹೋಗು" ಎಂದರು ಅಣ್ಣನಿಗೆ. "ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ನಾನು ಹೇಳ್ತೀನಿ."