ಸ್ಕೂಟರ್ ಬಲ್ಬು ಉರಿದ ಸಂಜೆ

ಆ ಭಾನುವಾರ ನಾನು ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಎದ್ದು ನೀರಿನ ಮೋಟರ್ ಹಾಕಿದೆ. ಬೂತಿಗೆ ಹೋಗಿ ಹಾಲು ತಂದೆ. ಮಂಜು ತೆಳುವಾಗಿ ಸ್ವಲ್ಪ ಬಿಸಿಲು ಕಾಣಿಸಿದ ಮೇಲೆ ರಜಾಯಿಗಳನ್ನು ಬಾಲ್ಕನಿಯ ಕಂಬಿಗೆ ಹರವಿದೆ. ಊರಿನಿಂದ ಅತ್ತೆ ಬರುವವರಿದ್ದರು. ಅವರಿಗೆಂದು ಚಿಕ್ಕ ಕೋಣೆ ಗುಡಿಸಿ, ಹೀಟರಿನ ವೈರಿಗೆ ಟೇಪು ಸುತ್ತಿದೆ. ಆಫೀಸಿನ ಅಂಗಿಗಳನ್ನು ಇಸ್ತ್ರಿ ಭಯ್ಯಾನಿಗೆ ಕೊಟ್ಟು ಬಂದೆ. ಅವನು ನಾಲಾದ ಹತ್ತಿರ, ಇಲ್ಲಿಯವರು ಕೀಕರ್ ಎನ್ನುವ ಜಾಲಿ ಮರದ ಕೆಳಗೆ ಮೇಜು ಹಾಕಿಕೊಂಡಿದ್ದ. ಅಲ್ಲಿಂದ ಸ್ವಲ್ಪ ಮುಂದೆ ಹೊಸ ರಸ್ತೆ ಅರ್ಧಕ್ಕೇ ನಿಲ್ಲುತ್ತಿತ್ತು. ಕೆಳಗೆ ಕೊಳಚೆ ನೀರಿನ ದೊಡ್ಡ ನಾಲಾ, ಅದರ ಮೇಲೆ ಬರಬೇಕಿದ್ದ ಸೇತುವೆ ಇನ್ನೂ ಬಂದಿರಲಿಲ್ಲ. ರಸ್ತೆಗೆ ಅಡ್ಡ ಇಟ್ಟಿದ್ದ ಡ್ರಮ್ಮುಗಳನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ ಎಂದು ಅವನು ಹೇಳಿದ. ಕೇಳಿಸಿಕೊಂಡು ಬಂದೆ. ಊಟವಾದ ಮೇಲೆ ಬಟಾಣಿ ಬಿಡಿಸಲು ಕುಳಿತೆ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಅದು ಇಂಥ ಸಾದಾ ದಿನದಲ್ಲೇ ನಡೆಯಿತು. ಯಾರಾದರೂ ತಮಗೊಂದು ವಿಚಿತ್ರ ಅನುಭವವಾಯಿತೆಂದು ಶುರು ಮಾಡಿದರೆ ನಾನು ಒಳಗೊಳಗೇ ನಗುತ್ತಿದ್ದವನು. ನಿದ್ದೆ ಕೆಟ್ಟಿರುತ್ತದೆ, ಬೆಳಕು ಸಾಲದೆ ಹೋಗಿರುತ್ತದೆ, ಇಲ್ಲವೇ ಹೇಳುವವರೇ ಒಂದಕ್ಕೆರಡು ಸೇರಿಸಿರುತ್ತಾರೆ ಎನ್ನುವುದು ನನ್ನ ಲೆಕ್ಕವಾಗಿತ್ತು. ಈಗ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಆಗ ನಾವು ದಿಲ್ಲಿಯ ದ್ವಾರಕಾ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿದ್ದೆವು. ಎರಡು ಸಾವಿರದ ಆರೋ ಏಳೋ ಇರಬೇಕು. ನನ್ನದು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಫೈಲು ನೋಡುವ ಕೆಲಸ. ನನ್ನ ಹೆಂಡತಿ ಸುಮಿತ್ರಾ ಸರ್ಕಾರದ ವೈರ್‌ಲೆಸ್ ವಿಭಾಗದಲ್ಲಿ ಬಹಳ ವರ್ಷ ದುಡಿದು, ಮೊಣಕಾಲು ನೋವೆಂದು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದಳು. ಮೊಣಕಾಲು ನಿವೃತ್ತಿಯಾದರೂ ಕೈ ನಿವೃತ್ತಿಯಾಗಲಿಲ್ಲ. ಸಿಬಿ ರೇಡಿಯೊಗೆ ಇನ್ನು ಲೈಸೆನ್ಸ್ ಬೇಕಿಲ್ಲವೆಂದು ಸರ್ಕಾರ ಬಿಟ್ಟುಕೊಟ್ಟದ್ದೇ ತಡ, ಹಳೇ ದಿಲ್ಲಿಯ ರೇಡಿಯೊ ಬಜಾರಿನಿಂದ ಎರಡು ಹಳೆಯ ಸೆಟ್ಟು ಹೊತ್ತು ತಂದಳು. ಜನಸಾಮಾನ್ಯರು ನಾಲ್ಕಾರು ಮೈಲಿಯೊಳಗೆ ಮಾತಾಡಿಕೊಳ್ಳಲು ಇರುವ ಸಣ್ಣ ವೈರ್‌ಲೆಸ್ ಅದು. ಒಂದನ್ನು ತಮ್ಮ ನಾಗೇಶನ ಕಾರಿಗೆ ಕೂರಿಸಿದಳು. ಇನ್ನೊಂದು ನಮ್ಮ ಊಟದ ಮೇಜಿಗೆ ಬಂತು, ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳಲು ಕಲಿತೆವು.

ಮನೆಯ ಸೆಟ್ಟಿಗೆ ಒಂದು ರೋಗವಿತ್ತು. ಹಾಕಿದ ಹೊಸದರಲ್ಲಿ ಸರಿಯಾಗಿಯೇ ಮಾತಾಡುತ್ತಿತ್ತು. ಒಳಗೆ ಬಿಸಿಯೇರಿದಂತೆ ಅದರ ಫ್ರೀಕ್ವೆನ್ಸಿ ತನ್ನ ಜಾಗ ಬಿಟ್ಟು ಮೆಲ್ಲಗೆ ಸರಿಯುತ್ತಿತ್ತು. ಆಮೇಲೆ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿ, ಕೊನೆಗೆ ಬರೀ ಬುಸುಗುಟ್ಟುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಂಡ ಕಂಡ ತಿರುಪು ತಿರುಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಸುಮಿತ್ರಾ ವಾರವಿಡೀ ತಿರುಪು ಮುಟ್ಟಲಿಲ್ಲ. ಮೊದಲು ಕರೆಂಟು ಒಂದೇ ಸಮ ಬರುತ್ತಿದೆಯೇ ಎಂದು ನೋಡಿದಳು. ಬರುತ್ತಿತ್ತು. ಆಮೇಲೆ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಮಂಕಾದ ಕಡೆ ಮತ್ತೆ ಬೆಸೆದಳು. ಆದರೂ ಸರಿಯುವುದು ನಿಲ್ಲಲಿಲ್ಲ. ಕೂದಲು ಒಣಗಿಸುವ ಡ್ರೈಯರ್ ಮೂತಿಗೆ ಕಾಗದದ ಕೊಳವೆ ಕಟ್ಟಿ, ಒಂದೊಂದೇ ಭಾಗಕ್ಕೆ ಬಿಸಿಗಾಳಿ ತಾಗಿಸುವುದು, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಅದನ್ನೇ ತಣಿಸುವುದು, ಯಾವುದನ್ನು ಮುಟ್ಟಿದಾಗ ಸೆಟ್ಟು ಬೆಚ್ಚುತ್ತದೆ ಎಂದು ಕಾಯುವುದು. ಮಗುವಿನ ಹೊಟ್ಟೆ ಒತ್ತಿ ಒತ್ತಿ ನೋವು ಎಲ್ಲಿದೆಯೆಂದು ಹುಡುಕುವ ಡಾಕ್ಟರ ಹಾಗೆ ಕಾಣುತ್ತಿದ್ದಳು. ಪಕ್ಕದಲ್ಲಿದ್ದ ಮೀಟರಿನಲ್ಲಿ ಫ್ರೀಕ್ವೆನ್ಸಿ ಅಂಕಿಗಳಾಗಿ ಓಡುತ್ತಿತ್ತು. ಕೊನೆಯ ಅಂಕಿಗಳನ್ನು ಗಟ್ಟಿಯಾಗಿ ಓದುವುದು ನನ್ನ ಪಾಲಿನ ಕೆಲಸ.

“ರೀ, ಬಟಾಣಿ ತಿನ್ನೋದು ಬಿಟ್ಟು ಅಂಕಿ ಓದಿ,” ಎಂದಳು ಆ ಸಂಜೆ.

“ಬಿಡಿಸ್ತಾ ಇದೀನಿ.”

“ಸಿಪ್ಪೆ ಇಷ್ಟೊಂದಿದೆ, ಕಾಳೆಲ್ಲಿ?”

ಇನ್ನೊಂದು ವಿಷಯ ನೀವು ತಿಳಿದಿರಬೇಕು. ಸೆಟ್ಟನ್ನು ಪರೀಕ್ಷೆ ಮಾಡುವಾಗ ಅವಳು ಅಂಟೆನಾ ಕಿತ್ತುಬಿಡುತ್ತಿದ್ದಳು. ನಾವು ಸುಮ್ಮನೆ ಗುಂಡಿ ಒತ್ತಿ ಒತ್ತಿ ನೋಡುವಾಗ ಬೇರೆಯವರ ಮಾತಿಗೆ ಅಡ್ಡಿಯಾಗಬಾರದು ಎನ್ನುವಳು. ಅಂಟೆನಾದ ಜಾಗಕ್ಕೆ ನಮ್ಮ ಹಳೆಯ ಸ್ಕೂಟರಿನ ಇಂಡಿಕೇಟರ್ ಬಲ್ಬು ಸಿಕ್ಕಿಸುತ್ತಿದ್ದಳು. ಗುಂಡಿ ಒತ್ತಿದರೆ ಆಕಾಶಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಆ ಬಲ್ಬಿಗೆ ಹೋಗಿ, ಅದು ಮಿಣ್ಣಗೆ ಉರಿಯುತ್ತಿತ್ತು. ಅದು ಉರಿಯಿತೆಂದರೆ ನಮ್ಮ ಮಾತು ಮನೆ ಬಿಟ್ಟು ಹೋಗುತ್ತಿಲ್ಲ ಎಂದರ್ಥ. ತಾರಸಿಯ ಅಂಟೆನಾದಿಂದ ಬಂದ ಕೇಬಲ್ಲು, ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿಸಿಕೊಂಡು ಕಿಟಕಿಯ ಸರಳಿಗೆ ನೇತುಬಿದ್ದಿರುತ್ತಿತ್ತು.

ಅತ್ತೆಯನ್ನು ಕರೆತರಲು ನಾಗೇಶ ಬೆಳಿಗ್ಗೆಯೇ ಸ್ಟೇಷನ್ನಿಗೆ ಹೋಗಿದ್ದ. ಮಂಜಿನ ದೆಸೆಯಿಂದ ರೈಲು ತಡವಾಗುತ್ತಲೇ ಇತ್ತು. ಮೊಬೈಲಿನಲ್ಲಿ ಚಾರ್ಜು ಮುಗಿಯುತ್ತಿದೆ, ಇನ್ನು ಫೋನ್ ಮಾಡುವುದಿಲ್ಲ ಎಂದು ಮಧ್ಯಾಹ್ನ ಹೇಳಿದ್ದ. ಕತ್ತಲಾಗುವ ಹೊತ್ತಿಗೆ ಎದುರು ಬ್ಲಾಕಿನ ದೀಪಗಳೂ ಕಾಣದಷ್ಟು ಮಂಜು ಕವಿಯಿತು. ಇಂಥದರಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೇಗೆ ಬರುತ್ತಾನೋ ಎಂದು ಸುಮಿತ್ರಾ ಎರಡು ಸಲ ಕಿಟಕಿಗೆ ಹೋಗಿ ಬಂದಳು. ಆಮೇಲೆ ಮತ್ತೆ ಡ್ರೈಯರ್ ಹಿಡಿದಳು. ಚಿಂತೆಯಾದಾಗ ಅವಳ ಕೈ ಇನ್ನೂ ನಿಧಾನವಾಗುತ್ತದೆ.

ಫ್ರೀಕ್ವೆನ್ಸಿ ಹಿಡಿದಿಡುವ ಕ್ರಿಸ್ಟಲ್ ಹರಳಿನ ಪಕ್ಕದ ಒಂದು ಕಂದು ಕೆಪಾಸಿಟರ್ ಮೇಲೆ ಅವಳಿಗೆ ಅನುಮಾನ ಬಂದಿತ್ತು. ಹತ್ತಿ ತಾಗಿಸಿದಳು. ಅಂಕಿಗಳು ದಡಬಡನೆ ಹಿಂದಕ್ಕೆ ಓಡಿದವು. ಕಳ್ಳ ಸಿಕ್ಕ ಎಂದು ನನ್ನತ್ತ ನೋಡಿ ನಕ್ಕಳು. ಆಗಲೇ ಸ್ಪೀಕರಿನಲ್ಲಿ ದನಿ ಬಂತು.

“ಅಕ್ಕಾ... ಅಕ್ಕಾ, ಕೇಳಿಸ್ತಿದೆಯಾ?”

ಸುಮಿತ್ರಾ ಮೈಕು ಎತ್ತಿಕೊಂಡಳು. “ಕೇಳಿಸ್ತಿದೆ ನಾಗೇಶ. ಎಲ್ಲಿದೀಯ?”

“ಅದೇ ಗೊತ್ತಾಗ್ತಿಲ್ಲ. ದ್ವಾರಕಾ ಒಳಗೆ ಬಂದಿದೀನಿ, ಅಷ್ಟು ಗ್ಯಾರಂಟಿ. ಯಾವ ಸೆಕ್ಟರೋ ಏನೋ, ಬಾನೆಟ್ ತುದಿ ಕೂಡ ಕಾಣ್ತಿಲ್ಲ. ನಿಧಾನಕ್ಕೆ ಮುಂದೆ ಹೋಗ್ತಾ ಇದೀನಿ.”

ಅವಳು ಮೈಕನ್ನು ನನ್ನ ಕೈಗಿಟ್ಟಳು. “ದಾರಿ ಗೊತ್ತಿರೋದು ನಿಮಗೆ. ನೀವೇ ಕೇಳಿ.”

ನಿಜ. ಹಾಲು, ತರಕಾರಿ, ಇಸ್ತ್ರಿ ಎಂದು ದಿನಾ ಅಲೆಯುವವನು ನಾನು. ಎಡಗಡೆ ಏನು ಕಾಣುತ್ತಿದೆ ಎಂದು ಕೇಳಿದೆ. ನಾನು ಮಾತಾಡಿದಷ್ಟು ಹೊತ್ತೂ ಆ ಪುಟ್ಟ ಬಲ್ಬು ಕಣ್ಣೆದುರೇ ಉರಿಯುತ್ತಿತ್ತು. ಅದರ ಅರ್ಥ ಇಬ್ಬರಿಗೂ ಹೊಳೆಯಲಿಲ್ಲ.

“ಏನೂ ಇಲ್ಲ ಭಾವ. ಅಚ್ಛಾ, ಒಂದು ಮರ ಇದೆ. ನೀಲಿ ಪ್ಲಾಸ್ಟಿಕ್ ಕಟ್ಟಿದಾರೆ. ಕೆಳಗೊಂದು ಮೇಜು. ಟಾರು ಮುಗಿದು ಜಲ್ಲಿ ಬಂತು.”

ಅದು ಇಸ್ತ್ರಿ ಭಯ್ಯಾನ ಮೇಜು, ಅದರ ಮುಂದೆ ಈಗ ಡ್ರಮ್ಮುಗಳೂ ಇಲ್ಲ. “ನಾಗೇಶ, ಗಾಡಿ ನಿಲ್ಲಿಸು. ಒಂದಡಿ ಕೂಡ ಮುಂದೆ ಹೋಗಬೇಡ. ಎದುರಿಗೆ ನಾಲಾ ಇದೆ.”

ಗುಂಡಿ ಬಿಟ್ಟೆ. ಬರೀ ಬುಸ್ಸೆನ್ನುವ ಸದ್ದು. ಸುಮಿತ್ರಾ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವನ ದನಿ ಬಂತು. “ನಿಲ್ಲಿಸಿದೀನಿ.” ಅವನ ಹಿಂದೆಯೇ ಅತ್ತೆಯ ದನಿ. “ನಾನು ಆಗಲೇ ನಿಲ್ಲಿಸು ಅಂದೆ. ನನ್ನ ಮಾತು ಕೇಳ್ತಾನಾ ಇವನು?”

ಅಲ್ಲಿಂದ ಅವನನ್ನು ಹಿಂದಕ್ಕೆ ತಿರುಗಿಸಿದೆ. ರಸ್ತೆ ಮಧ್ಯದ ಕಟ್ಟೆ ಬಲಗಡೆ ಇರಲಿ ಎಂದೆ. ಹಾಲಿನ ಬೂತಿನ ಹಸಿರು ದೀಪ ಬರುವ ತನಕ ನೇರ ಬಾ ಎಂದೆ. ನಡುವೆ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಅದನ್ನು ಇಳಿಸಲೂ ಯಾರೂ ಏಳಲಿಲ್ಲ. ಅಭ್ಯಾಸಬಲದಿಂದ ನನ್ನ ಕಣ್ಣು ಮೀಟರಿನ ಮೇಲೆ ಹೋಯಿತು. ವಾರವಿಡೀ ಒಂದು ನಿಮಿಷ ನಿಲ್ಲದೆ ಓಡಿದ್ದ ಅಂಕಿಗಳು ಅಲುಗಾಡದೆ ನಿಂತಿದ್ದವು. ಸುಮಿತ್ರಾ ಹತ್ತಿ ತಾಗಿಸುತ್ತಿರಲಿಲ್ಲ, ಡ್ರೈಯರ್ ಆರಿತ್ತು. ನಾಗೇಶ “ಗೇಟು ಕಂಡಿತು ಭಾವ” ಎಂದ ಮೇಲೆ, ನಾನು ನೋಡುತ್ತಿದ್ದ ಹಾಗೆಯೇ ಕೊನೆಯ ಅಂಕಿ ಮತ್ತೆ ಸರಿಯತೊಡಗಿತು.

ಅತ್ತೆ ಬಂದು, ಶಾಲು ಬಿಚ್ಚುವ ಮೊದಲೇ ಕೇಳಿದ್ದು ಕುಕ್ಕರ್ ವಿಷಯ. “ಏನಮ್ಮ, ಕುಕ್ಕರ್ ಅಷ್ಟು ಕೂಗ್ತಾ ಇತ್ತು, ಯಾರೂ ಆರಿಸಲಿಲ್ಲ? ನನಗೆ ಕಾರಿನಲ್ಲಿ ಕೇಳಿಸ್ತು.”

ನಾವೆಲ್ಲ ನಕ್ಕೆವು. ಸುಮಿತ್ರಾ ನಗುತ್ತಲೇ ಸೆಟ್ಟು ಆರಿಸಲು ಹೋದವಳು ಹಾಗೇ ನಿಂತುಬಿಟ್ಟಳು.

“ರೀ, ಇಲ್ಲಿ ಬನ್ನಿ.”

ಸೆಟ್ಟಿನ ಹಿಂದೆ ಸ್ಕೂಟರ್ ಬಲ್ಬು ಇತ್ತು. ಅಂಟೆನಾ ಕೇಬಲ್ಲು ಚೀಲ ಸುತ್ತಿಕೊಂಡು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಚೀಲದ ಗಂಟನ್ನು ಬೆಳಿಗ್ಗೆ ಕಟ್ಟಿದವನು ನಾನೇ. ಅದು ಬಿಚ್ಚಿರಲಿಲ್ಲ.

ನಾನು ಸುಮಿತ್ರಾಳನ್ನು ಮೆಚ್ಚುವುದು ಹಲವು ಕಾರಣಕ್ಕೆ. ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಆಮೇಲಿನ ದಿನಗಳಲ್ಲಿ. ಬಲ್ಬಿನಿಂದ ಒಂದಿಷ್ಟು ಸಿಗ್ನಲ್ ಸೋರಿ ಆಚೆ ಹೋಗುತ್ತದೆ, ಆದರೆ ಮೆಟ್ಟಿಲ ತನಕ, ಹೆಚ್ಚೆಂದರೆ ಗೇಟಿನ ತನಕ ಎಂದಳು. ನಾಲಾ ಇರುವುದು ಎರಡು ಸೆಕ್ಟರಿನಾಚೆ. ಅಷ್ಟಕ್ಕೇ ಬಿಡದೆ, ಕಂದು ಕೆಪಾಸಿಟರನ್ನು ಬದಲಾಯಿಸದೆ ಹಾಗೇ ಉಳಿಸಿಕೊಂಡು, ಅಂಥದೇ ಮಂಜು ಬಿದ್ದ ಸಂಜೆ ನಾಗೇಶನನ್ನು ಇಸ್ತ್ರಿ ಮೇಜಿನ ಹತ್ತಿರ ನಿಲ್ಲಿಸಿದಳು. ಅದೇ ಬಲ್ಬು, ಅದೇ ಮೈಕು. ಅವನಿಗೆ ಏನೂ ಕೇಳಲಿಲ್ಲ, ನಮಗೂ ಏನೂ ಕೇಳಲಿಲ್ಲ. ಇನ್ನೆರಡು ಸಲ ಮಾಡಿದಳು, ಒಮ್ಮೆ ಕುಕ್ಕರನ್ನೂ ಇಟ್ಟು. ಕೊನೆಗೆ ಹೊಸ ಕೆಪಾಸಿಟರ್ ಹಾಕಿದಳು. ಫ್ರೀಕ್ವೆನ್ಸಿ ಸರಿಯುವುದು ನಿಂತಿತು, ಸೆಟ್ಟು ಈಗಲೂ ಚೆನ್ನಾಗಿದೆ. ಅವಳ ಹಳೆಯ ಸಹೋದ್ಯೋಗಿಯೊಬ್ಬರು ಎಲ್ಲ ಕೇಳಿ, ಅಂಟೆನಾ ಸಿಕ್ಕಿಸಿದ್ದು ನಿಮಗೆ ಮರೆತಿರಬೇಕು ಎಂದರು. ಅತ್ತೆ ದೇವರು ಎಂದರು. ಸುಮಿತ್ರಾ ಇಬ್ಬರೊಂದಿಗೂ ವಾದ ಮಾಡಲಿಲ್ಲ. ನಾನು ಕೇಳಿದಾಗ, “ನನಗೆ ಗೊತ್ತಿಲ್ಲ ರೀ,” ಎಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಲು ಅವಳು ಪಟ್ಟಷ್ಟು ಶ್ರಮವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಅದು ನಡೆದ ಮರುದಿನವೇ ಅಂಗಿಗಳನ್ನು ತರಲು ಹೋದಾಗ ನೋಡಿದ್ದೆ. ಜಲ್ಲಿಯ ಮೇಲೆ ಚಕ್ರದ ಗುರುತು ಇನ್ನೂ ಇತ್ತು. ಅದು ನಿಂತಲ್ಲಿಂದ ನಾಲಾದ ಅಂಚಿಗೆ ನಮ್ಮ ಊಟದ ಮೇಜಿನಷ್ಟು ಉದ್ದದ ಜಾಗ ಉಳಿದಿತ್ತು. ಇದನ್ನು ನಾನು ಮನೆಯಲ್ಲಿ ಬಹಳ ದಿನ ಹೇಳಲಿಲ್ಲ.

ಆ ಭಾನುವಾರ ರಾತ್ರಿ ನಾನು ಬಿಡಿಸಿದ ಬಟಾಣಿ ಹಾಗೇ ಉಳಿಯಿತು. ಅತ್ತೆ ಮೈಸೂರಿನಿಂದ ಬಟ್ಟೆ ಚೀಲದಲ್ಲಿ ಅವರೆಕಾಳು ತಂದಿದ್ದರು, ಬೇಡವೆಂದರೂ ಕೇಳದೆ ಅವರೇ ಹುಳಿ ಮಾಡಿದರು. ಅನ್ನ ಕುಕ್ಕರಿನಲ್ಲಿ ಮುದ್ದೆಯಾಗಿತ್ತು. ಅವರೆಕಾಳಿನ ಹುಳಿ, ತುಪ್ಪ, ಸುಟ್ಟ ಹಪ್ಪಳ, ಎಲ್ಲವನ್ನೂ ತೊಡೆಯ ಮೇಲಿನ ತಟ್ಟೆಯಲ್ಲೇ ಉಂಡೆವು. ನಾಗೇಶ ಮೂರು ಸಲ ಬಡಿಸಿಕೊಂಡ. ದಿನವೂ ಸಾಮಾನೆಲ್ಲ ಜೋಡಿಸಿ ಕೊನೆಗೆ ಮಲಗುವ ಸುಮಿತ್ರಾ, ಅಂದು ಎಲ್ಲವನ್ನೂ ಮೇಜಿನ ಮೇಲೇ ಬಿಟ್ಟು, ಮಾತಾಡಲೆಂದು ಅಮ್ಮನ ರಜಾಯಿಯೊಳಗೆ ಹೋದವಳು, ಎಲ್ಲರಿಗಿಂತ ಮೊದಲು ನಿದ್ದೆ ಹೋದಳು.