ಕುಣಿಗಲ್ಲಿಗೆ ಎಲೆ ಅಡಿಕೆ ಹಿಡಿದು ಹೋದದ್ದು

ನಿಮ್ಮ ಅಮ್ಮ ಮರಳೂರಿನ ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರನ್ನು ಜೊತೆಗಿಟ್ಟುಕೊಂಡು ಚಿಕ್ಕ ಕಂಪನಿ ನಡೆಸುತ್ತಿದ್ದಳು. ಗುಬ್ಬಿ ಕಡೆಯ ನಮ್ಮ ತೋಟದ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವಲ್ಲ, ಆ ಸದ್ದು ಕೇಳಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವ ಸಾಫ್ಟ್‌ವೇರ್ ಮಾಡಿದ್ದಳು. ಫೋನಿನ ಮುಂದೆ ಕಾಯಿ ಅಲ್ಲಾಡಿಸಿದರೆ ಸಾಕು. ಮಂಡಿಯ ವ್ಯಾಪಾರಿಗಳು ಅದನ್ನು ಕೊಳ್ಳಲು ಮುಂದೆ ಬಂದಿದ್ದರು.

ಅಷ್ಟರಲ್ಲಿ ಒಂದು ದೊಡ್ಡ ಕಂಪನಿಯಿಂದ ಲಾಯರ್ ನೋಟಿಸ್ ಬಂತು. ಸದ್ದಿನಿಂದ ಕಾಯಿಯ ಒಳಗನ್ನು ತಿಳಿಯುವ ವಿಧಾನಕ್ಕೆ ತಮ್ಮ ಪೇಟೆಂಟ್ ಇದೆ, ನಿಲ್ಲಿಸಿ ಎಂದು. ನಾವೇ ಕೂತು ಯೋಚಿಸಿ ಮಾಡಿದ್ದರೂ, ಅದೇ ಉಪಾಯವನ್ನು ಬೇರೆಯವರು ಮೊದಲೇ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರೆ ಬಳಸುವಂತಿಲ್ಲವಂತೆ. ಇದು ನನಗೆ ಆಮೇಲೆ ತಿಳಿಯಿತು. ಆಗ ನೋಟಿಸ್ ಬಂದಿದೆ ಎಂದರೆ ಮಗಳು ಏನನ್ನೋ ಕದ್ದಿದ್ದಾಳೆ ಎಂದುಕೊಂಡೆ. ಪಕ್ಕದ ಮನೆಯವರ ಮುಖ ನೋಡಲೂ ಅವಮಾನವಾಗುತ್ತಿತ್ತು.

ಆ ಕಂಪನಿಯ ಮ್ಯಾನೇಜರ್ ಮನೆ ಕುಣಿಗಲ್ಲಿನಲ್ಲಿದೆ ಎಂಬುದು ಕಿವಿಗೆ ಬಿತ್ತು. ನಿಮ್ಮ ತಾತ ಇದ್ದಿದ್ದರೆ ಅವರೇ ಹೋಗುತ್ತಿದ್ದರು. ಹೊಸಬರ ಎದುರು ಬಾಯಿ ಬಿಡದ ನಾನು ಮನೆಯಲ್ಲಿ ಹೇಳದೆ ಎಲೆ ಅಡಿಕೆ, ಬಾಳೆಹಣ್ಣು ಹಿಡಿದು ಬಸ್ಸು ಹತ್ತಿದೆ. ನಮ್ಮಲ್ಲಿ ರಾಜಿಗೆ ಹೋದವರು ವಾದ ಮಾಡುವುದಿಲ್ಲ. ತಪ್ಪೆಲ್ಲ ನಮ್ಮದೇ ಎನ್ನುತ್ತೇವೆ, ಅವರು ಇರಲಿ ಬಿಡಿ ಎನ್ನುತ್ತಾರೆ, ಜಗಳ ಅಲ್ಲಿಗೆ ಮುಗಿಯುತ್ತದೆ.

"ನನ್ ಮಗಳು ನಿಮ್ದನ್ನ ನೋಡ್ಕಂಡು ಮಾಡವ್ಳೆ ಸ್ವಾಮಿ. ತಪ್ಪಾಯ್ತು, ಹೊಟ್ಟೆಗಾಕ್ಕಳಿ," ಎಂದೆ.

"ಅಯ್ಯೋ, ಕೂತ್ಕಳಿ ಅಮ್ಮ. ಇರ್ಲಿ ಬುಡಿ," ಎಂದು ಮ್ಯಾನೇಜರು ಕಾಫಿ ಕೊಡಿಸಿದರು. ಮನಸ್ಸು ಹಗುರಾಗಿ ಮನೆಗೆ ಬಂದೆ.

ಮುಂದಿನ ನೋಟಿಸಿನಲ್ಲಿ ನನ್ನ ಮಾತೇ ಇತ್ತು: ನಕಲು ಮಾಡಿದ್ದನ್ನು ಮನೆಯವರೇ ಒಪ್ಪಿಕೊಂಡಿದ್ದಾರೆ.

"ನಿಮ್ ತಾಯಿ ಮಾತೊಂದ್ರಿಂದ ಕೇಸ್ ಸೋಲಲ್ಲ ಮೇಡಂ," ಎಂದರು ನಮ್ಮ ಲಾಯರು. "ಆದ್ರೆ ಅವರು ವರ್ಷಗಟ್ಲೆ ಎಳೀತಾರೆ. ಮೂರು ಜನದ ಕಂಪ್ನಿ, ತಡ್ಕೊಳ್ತೀರಾ?"

ನಕಲು ಎಂಬ ಮಾತು ಮಂಡಿಗೂ ಮುಟ್ಟಿತು. ವ್ಯಾಪಾರಿಗಳು ಹಿಂದೆ ಸರಿದರು. ನಿಮ್ಮ ಅಮ್ಮ ಆ ಕೆಲಸ ನಿಲ್ಲಿಸಿದಳು. ಜೊತೆಗಿದ್ದವರು ಬೇರೆ ಕಡೆ ಸೇರಿಕೊಂಡರು.

ಅವಳು ಬೈಯಲಿಲ್ಲ. "ಕದ್ದಿದೀಯೇನೇ ಅಂತ ನನ್ನೇ ಒಂದ್ ಮಾತು ಕೇಳ್ಬಾರ್ದಿತ್ತೇನವ್ವ?" ಎಂದಳು, ಅಷ್ಟೇ.

ನಿಮ್ಮ ಅಮ್ಮ ಯಾರದನ್ನೂ ನಕಲು ಮಾಡಿದವಳಲ್ಲ. ನೆಂಟರಿಷ್ಟರಲ್ಲಿ ಈಗಲೂ ಯಾರಾದರೂ ಹಾಗೆಂದರೆ, ಆ ಮಾತು ಹೊರಟದ್ದು ನಮ್ಮಜ್ಜಿಯ ಬಾಯಿಂದ ಎಂದು ಹೇಳಿಬಿಡಿ.